ರಾತ್ರಿ ಹಲ್ಲು ಕಡಿಯುವವರಿಗೆ ಹಾಕುವ ಕವಚ ಎಲ್ಲಿಂದ ಬಂತು? ಅರಸೀಕೆರೆಯ ಒಂದು ಮನೆಯಿಂದ ಶುರುವಾದ ಹುಡುಕಾಟ

ನಮ್ಮ ಗುಂಪಿನ ಗೆಳೆಯನೊಬ್ಬನ ಊರು ಅರಸೀಕೆರೆ ತಾಲ್ಲೂಕಿನಲ್ಲಿದೆ. ಅವನ ಅಮ್ಮನಿಗೆ ಎರಡು ವರ್ಷದಲ್ಲಿ ಮೂರು ದವಡೆಹಲ್ಲು ಕೀಳಿಸಿದರು. ಮೂರರಲ್ಲಿ ಒಂದೂ ಹುಳುಕಾಗಿರಲಿಲ್ಲ. ಕಿವಿಯ ಮುಂದೆ ನೋವು, ಬೆಳಿಗ್ಗೆ ಎದ್ದರೆ ದವಡೆ ಬಿಗಿ, ರೊಟ್ಟಿ ಅಗಿಯಲು ಆಗುತ್ತಿರಲಿಲ್ಲ. ನೋವು ಇರುವ ಕಡೆಯ ಹಲ್ಲು ತೆಗೆದರೆ ಸರಿಹೋಗುತ್ತದೆ ಎಂದು ಎಲ್ಲರೂ ನಂಬಿದ್ದರು. ಹಲ್ಲು ಹೋಯಿತು, ನೋವು ಹೋಗಲಿಲ್ಲ. ಮಧ್ಯೆ ಕಿವಿ ಡಾಕ್ಟರಿಗೂ ತೋರಿಸಿದರು. ಕಿವಿಯಲ್ಲಿ ಏನೂ ಇಲ್ಲ ಎಂದರು.

ನಾಲ್ಕನೆಯ ಹಲ್ಲು ಕೀಳಿಸಲು ಹೋದಾಗ ಅಲ್ಲಿದ್ದ ದಂತವೈದ್ಯೆ ಬಾಯಿ ನೋಡಿ, ಕೆನ್ನೆ ಒತ್ತಿ ನೋಡಿ, ಒಂದು ಪ್ರಶ್ನೆ ಕೇಳಿದರು.

"ರಾತ್ರಿ ಹಲ್ಲು ಕಡೀತೀರೇನಮ್ಮ?"

"ನಂಗೇನ್ ಗೊತ್ತು ಡಾಕ್ಟ್ರೇ, ನಿದ್ದೇಲಿರ್ತೀನಿ."

ಬಾಗಿಲ ಹತ್ತಿರ ನಿಂತಿದ್ದ ಗೆಳೆಯನ ಅಪ್ಪ ಹೇಳಿದರು: "ಕಡೀತಾಳೆ ಮೇಡಂ. ಬರೀ ಬೀಸುಕಲ್ಲು ತಿರುಗಿಸಿದಂಗೆ ಸದ್ದು ಬರುತ್ತೆ. ಹತ್ತು ವರ್ಷದಿಂದ ಕೇಳ್ತಾ ಇದ್ದೀನಿ."

"ಮತ್ತೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಅದೂ ಒಂದು ಕಾಯ್ಲೆ ಅಂತ ಯಾರಿಗ್ ಗೊತ್ತಿತ್ತು ಮೇಡಂ?"

ಆ ದಿನ ಹಲ್ಲು ಕೀಳಲಿಲ್ಲ. ಬಾಯಿಯ ಅಚ್ಚು ತೆಗೆದುಕೊಂಡರು. ಕೆಲವು ದಿನ ಬಿಟ್ಟು ಮೇಲಿನ ಸಾಲಿನ ಹಲ್ಲಿಗೆ ಸರಿಯಾಗಿ ಕೂರುವ, ಗಾಜಿನಂತೆ ಕಾಣುವ ಒಂದು ಗಟ್ಟಿ ಕವಚ ಕೊಟ್ಟರು. ರಾತ್ರಿ ಹಾಕಿಕೊಂಡು ಮಲಗಬೇಕು, ಬೆಳಿಗ್ಗೆ ತೆಗೆದು ತೊಳೆದು ಇಡಬೇಕು. ಡಾಕ್ಟರುಗಳು ಇದನ್ನು ನೈಟ್ ಗಾರ್ಡ್ ಅನ್ನುತ್ತಾರೆ, ಸ್ಪ್ಲಿಂಟ್ ಎಂದೂ ಅನ್ನುತ್ತಾರೆ.

ಗೆಳೆಯನ ಅಪ್ಪನ ಮಾತು ನಮ್ಮ ತಲೆಯಲ್ಲೇ ಉಳಿಯಿತು. ಹಲ್ಲು ಕಡಿಯುವುದು ನಿನ್ನೆ ಮೊನ್ನೆಯ ವಿಷಯವಲ್ಲ. ಅದಕ್ಕೊಂದು ಹೆಸರು, ಒಂದು ಉಪಾಯ ಸಿಕ್ಕಿದ್ದು ಯಾವಾಗ? ಅದು ಅರಸೀಕೆರೆವರೆಗೆ ಬರಲು ಇಷ್ಟು ಕಾಲ ಯಾಕೆ ಬೇಕಾಯಿತು? ಓದುತ್ತಾ, ಕೇಳುತ್ತಾ ಹೋದೆವು. ಸಿಕ್ಕಿದ್ದನ್ನು ಇಲ್ಲಿ ಬರೆದಿದ್ದೇವೆ.

ಕಲ್ಲಿನ ಹಲ್ಲು, ಮಾತಿನ ಹಲ್ಲು

ಹಳೇಬೀಡಿಗೆ ಹೋದವರು ಹೊಯ್ಸಳೇಶ್ವರ ಗುಡಿಯ ಹೊರಗೋಡೆ ನೋಡಿರುತ್ತೀರಿ. ಕೆಳಗಡೆ ಸಾಲಾಗಿ ಆನೆ, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ, ಪುರಾಣದ ಕಥೆ, ಮಕರ, ಹಂಸ. ಆ ಮಕರಗಳ ಬಾಯಿ ಗಮನಿಸಿ. ಬಾಯಿ ತೆರೆದು ನಿಂತಿರುವ ಆ ಪ್ರಾಣಿಗಳ ಹಲ್ಲನ್ನು ಶಿಲ್ಪಿಗಳು ಬಿಡಿಬಿಡಿಯಾಗಿ ಕೆತ್ತಿದ್ದಾರೆ. ಬೇಲೂರಿನ ಚೆನ್ನಕೇಶವ ಗುಡಿ ಪ್ರತಿಷ್ಠೆಯಾಗಿದ್ದು 1117ರಲ್ಲಿ. ಅದರ ಬಾಗಿಲ ಪಕ್ಕ ಸಳ ಕೊಲ್ಲುತ್ತಿರುವ ಮೃಗವೂ ಹಲ್ಲು ಬಿಟ್ಟುಕೊಂಡೇ ಇದೆ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿರುತ್ತದೆ, ಗಾಳಿಗೆ ಬಿದ್ದು ದಿನ ಕಳೆದಂತೆ ಗಟ್ಟಿಯಾಗುತ್ತದೆ. ಅದಕ್ಕೇ ಅಷ್ಟು ಸಣ್ಣ ಕೆಲಸ ಸಾಧ್ಯವಾಯಿತು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೊ ಪಟ್ಟಿ ಸೇರಿದವು.

ಕಲ್ಲಿನಲ್ಲಿ ಹಲ್ಲು ಅಂದರೆ ಸಿಟ್ಟು, ಶಕ್ತಿ. ನಮ್ಮ ಮಾತಿನಲ್ಲೂ ಹಾಗೆಯೇ. ಯಾರ ಮೇಲಾದರೂ ದ್ವೇಷ ಇದ್ದರೆ "ಹಲ್ಲು ಮಸೀತಾನೆ" ಅನ್ನುತ್ತೇವೆ. ಸಿಟ್ಟು ತಡೆದುಕೊಂಡರೆ "ಹಲ್ಲು ಕಡಿದುಕೊಂಡು ಸುಮ್ಮನಿದ್ದ". ಕಷ್ಟ ನುಂಗಿಕೊಂಡು ಸಂಸಾರ ಮಾಡಿದವಳಿಗೆ "ಅವುಡುಗಚ್ಚಿ ಬದುಕಿದಳು" ಅನ್ನುತ್ತೇವೆ. ಅವುಡು ಅಂದರೆ ದವಡೆ ಮತ್ತು ತುಟಿಯ ಭಾಗ. ಮನಸ್ಸಿನ ಒತ್ತಡ ದವಡೆಗೆ ಇಳಿಯುತ್ತದೆ ಎಂಬುದನ್ನು ನಮ್ಮ ಹಿರಿಯರು ಯಾವ ಪ್ರಯೋಗಾಲಯವೂ ಇಲ್ಲದೆ ಮಾತಿನಲ್ಲಿ ಕಟ್ಟಿಟ್ಟಿದ್ದರು. ಈಗಿನ ವೈದ್ಯರೂ ಹಗಲಲ್ಲಿ ದವಡೆ ಬಿಗಿಹಿಡಿಯುವವರ ಬಗ್ಗೆ ಇದನ್ನೇ ಹೇಳುತ್ತಾರೆ.

ಆದರೆ ನಿದ್ದೆಯಲ್ಲಿ ಕಡಿಯುವುದಕ್ಕೆ ನಮ್ಮ ಹಳ್ಳಿಗಳಲ್ಲಿ ಬೇರೆಯೇ ಕಾರಣ ಹೇಳುತ್ತಾರೆ. ಮಗು ರಾತ್ರಿ ಹಲ್ಲು ಕಡಿದರೆ "ಹೊಟ್ಟೇಲಿ ಹುಳ ಆಗಿದೆ" ಅನ್ನುತ್ತಾರೆ. ಜಂತುಹುಳುವಿನಿಂದಲೇ ಹಲ್ಲು ಕಡಿಯುತ್ತಾರೆ ಎಂಬುದು ಸಾಬೀತಾಗಿಲ್ಲ. ಮಕ್ಕಳಲ್ಲಿ ಹಲ್ಲು ಕಡಿತ ಬಹಳ ಸಾಮಾನ್ಯ, ಬೆಳೆಯುತ್ತಾ ಹೆಚ್ಚಿನವರಲ್ಲಿ ತಾನಾಗಿ ಕಡಿಮೆಯಾಗುತ್ತದೆ. ಹಾಗಂತ ಶಾಲೆ ಅಂಗನವಾಡಿಗಳಲ್ಲಿ ಕೊಡುವ ಜಂತುಹುಳು ಮಾತ್ರೆ ತಪ್ಪಿಸಬೇಡಿ. ಹುಳದಿಂದ ರಕ್ತಹೀನತೆ, ಬೆಳವಣಿಗೆ ಕುಂಠಿತ ಆಗುತ್ತದೆ. ಆ ಮಾತ್ರೆ ಕೊಡುವುದು ಅದಕ್ಕೆ.

ಬೀಸುಕಲ್ಲಿನ ಕಾಲ

ಹಳೆಯ ಕಾಲದವರ ಹಲ್ಲು ಸವೆಯುತ್ತಿರಲಿಲ್ಲವೇ? ಸವೆಯುತ್ತಿತ್ತು. ಹಳೆಯ ಅಸ್ಥಿಪಂಜರಗಳನ್ನು ಅಗೆದು ನೋಡಿದ ವಿದ್ವಾಂಸರು ಜಗತ್ತಿನ ಎಲ್ಲ ಕಡೆ ಒಂದೇ ವಿಷಯ ಹೇಳುತ್ತಾರೆ. ಕಲ್ಲಿನಲ್ಲಿ ಬೀಸಿದ ಹಿಟ್ಟು ತಿಂದವರ ಹಲ್ಲು ಚಪ್ಪಟೆಯಾಗಿರುತ್ತದೆ. ಹಿಟ್ಟಿನ ಜೊತೆ ಕಲ್ಲಿನ ಪುಡಿಯೂ ಹೊಟ್ಟೆಗೆ ಹೋಗುತ್ತಿತ್ತು. ನಮ್ಮ ಕಡೆ ರಾಗಿ ಮುದ್ದೆಯನ್ನು ಅಗಿಯದೆ ನುಂಗುವುದು ವಾಡಿಕೆ. ಆದರೆ ರೊಟ್ಟಿ, ಕಡಲೆ, ಕಬ್ಬು, ಕೊಬ್ಬರಿ ಎಲ್ಲ ಹಲ್ಲಿನ ಕೆಲಸವೇ.

ಊಟದಿಂದ ಆಗುವ ಸವೆತ ನಿಧಾನ. ರಾತ್ರಿಯ ಕಡಿತ ಹಾಗಲ್ಲ. ಕಾಳು ಹಾಕದೆ ಬೀಸುಕಲ್ಲು ತಿರುಗಿಸಿದರೆ ಏನಾಗುತ್ತದೆ? ಕಲ್ಲಿಗೆ ಕಲ್ಲು ಉಜ್ಜಿ ಕಲ್ಲೇ ಸವೆಯುತ್ತದೆ. ಇಲ್ಲೂ ಅಷ್ಟೇ. ಊಟ ಮಾಡುವಾಗ, ನುಂಗುವಾಗ ಎಲ್ಲ ಸೇರಿಸಿದರೂ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ನೇರವಾಗಿ ತಾಗುವುದು ದಿನಕ್ಕೆ ಸುಮಾರು 20 ನಿಮಿಷ ಎಂಬ ಲೆಕ್ಕವಿದೆ. ಉಳಿದ ಹೊತ್ತು ತುಟಿ ಮುಚ್ಚಿದ್ದರೂ ಹಲ್ಲುಗಳ ನಡುವೆ ಸ್ವಲ್ಪ ಸಂದಿ ಇರಬೇಕು. ಹಲ್ಲಿನ ಮೇಲಿನ ಬಿಳಿ ಪದರ, ಅಂದರೆ ಎನಾಮಲ್, ದವಡೆಹಲ್ಲಿನ ತುದಿಯಲ್ಲೂ ಎರಡು ಎರಡೂವರೆ ಮಿಲಿಮೀಟರ್ ಮಾತ್ರ. ಅದು ಸವೆದರೆ ಮತ್ತೆ ಬೆಳೆಯುವುದಿಲ್ಲ.

ದವಡೆಯ ಕೀಲಿನ ಬಗ್ಗೆ ನಮ್ಮ ಪ್ರಾಚೀನ ವೈದ್ಯಕ್ಕೆ ತಿಳಿದಿತ್ತು. ಸುಶ್ರುತ ಸಂಹಿತೆ ಹನುಮೋಕ್ಷ ಎಂಬ ತೊಂದರೆಯನ್ನು ಹಲ್ಲಿನ ರೋಗಗಳ ಜೊತೆ ಎಣಿಸುತ್ತದೆ. ಹನು ಅಂದರೆ ದವಡೆ. ಕೀಲು ತಪ್ಪಿದ ದವಡೆಗೆ ಶಾಖ ಕೊಟ್ಟು, ಜಾಗಕ್ಕೆ ಕೂರಿಸಿ, ಬಟ್ಟೆಯ ಪಟ್ಟಿ ಕಟ್ಟುವ ವಿಧಾನವನ್ನೂ ಅದು ಹೇಳುತ್ತದೆ. ಬಿಸಿ ಶಾಖ ಕೊಡುವ ಸಲಹೆಯನ್ನು ದವಡೆ ನೋವಿಗೆ ಇವತ್ತಿನ ಡಾಕ್ಟರುಗಳೂ ಕೊಡುತ್ತಾರೆ. ಹೊಯ್ಸಳರ ಗುಡಿಗಳು ಏಳುತ್ತಿದ್ದ 12ನೇ ಶತಮಾನದಲ್ಲೇ ಜಗದ್ದಳ ಸೋಮನಾಥ ಕರ್ನಾಟಕ ಕಲ್ಯಾಣಕಾರಕ ಎಂಬ ವೈದ್ಯಗ್ರಂಥವನ್ನು ಕನ್ನಡಕ್ಕೆ ತಂದ. ವೈದ್ಯವನ್ನು ಜನರ ಭಾಷೆಯಲ್ಲಿ ಹೇಳಬೇಕು ಎಂಬ ಯೋಚನೆ ನಮ್ಮಲ್ಲಿ ಹೊಸದಲ್ಲ.

ರಬ್ಬರು, ಯುದ್ಧ, ಮುರಿದ ದವಡೆ

ಬಾಯಿಗೆ ಸರಿಯಾಗಿ ಕೂರುವ ಕವಚ ಮಾಡಬೇಕಾದರೆ ಎರಡು ವಸ್ತು ಬೇಕು. ಬಾಯಿಯ ಅಚ್ಚು ತೆಗೆಯಲು ಒಂದು, ಕವಚ ಎರಕ ಹೊಯ್ಯಲು ಇನ್ನೊಂದು. ಆಲೆಮನೆ ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಅಚ್ಚು ಹೇಗೋ ಬೆಲ್ಲ ಹಾಗೆ. ಅಚ್ಚು ವಕ್ರವಾದರೆ ಬೆಲ್ಲವೂ ವಕ್ರ.

1840ರ ದಶಕದಲ್ಲಿ ದಂತವೈದ್ಯರು ಪ್ಲಾಸ್ಟರ್ ಆಫ್ ಪ್ಯಾರಿಸ್ ಬಳಸಿ ಬಾಯಿಯ ಅಚ್ಚು ತೆಗೆಯಲು ಕಲಿತರು. ಅದೇ ಹೊತ್ತಿಗೆ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಸೇರಿಸಿ ಕಾಯಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಅದು 1844. ಗಂಧಕ ಹೆಚ್ಚು ಸೇರಿಸಿದರೆ ರಬ್ಬರು ಕಟ್ಟಿಗೆಯಷ್ಟು ಗಟ್ಟಿಯಾಗುತ್ತದೆ. ಅದಕ್ಕೆ ವಲ್ಕನೈಟ್ ಎಂದು ಹೆಸರು. ಅದರಿಂದ ಕಟ್ಟುವ ಹಲ್ಲಿನ ಸೆಟ್ಟು ಅಗ್ಗವಾಯಿತು. ಅಲ್ಲಿಯವರೆಗೆ ಚಿನ್ನ ಅಥವಾ ದಂತದ ಸೆಟ್ಟು ಶ್ರೀಮಂತರಿಗೆ ಮಾತ್ರ ಸಿಗುತ್ತಿತ್ತು.

1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯಿತು. ಗುಂಡೇಟಿಗೆ ದವಡೆ ಮುರಿದ ಸಿಪಾಯಿಗಳು ಎರಡೂ ಕಡೆ ಇದ್ದರು. ಅಟ್ಲಾಂಟಾದಲ್ಲಿ ಜೇಮ್ಸ್ ಬ್ಯಾಕ್ಸ್‌ಟರ್ ಬೀನ್, ನ್ಯೂಯಾರ್ಕಿನಲ್ಲಿ ಥಾಮಸ್ ಬ್ರಿಯಾನ್ ಗನಿಂಗ್ ಎಂಬ ದಂತವೈದ್ಯರು ವಲ್ಕನೈಟಿನಿಂದ ಹಲ್ಲಿನ ಮೇಲೆ ಕೂರುವ ಕವಚ ಮಾಡಿ, ಮುರಿದ ದವಡೆ ಅಲುಗದಂತೆ ಹಿಡಿದಿಟ್ಟರು. 1865ರ ಏಪ್ರಿಲಿನಲ್ಲಿ ಅಮೆರಿಕದ ವಿದೇಶಾಂಗ ಸಚಿವ ವಿಲಿಯಂ ಸೆವಾರ್ಡ್ ಕುದುರೆ ಗಾಡಿಯಿಂದ ಬಿದ್ದು ದವಡೆ ಮುರಿದುಕೊಂಡ. ಕೆಲವೇ ದಿನದಲ್ಲಿ, ಅಧ್ಯಕ್ಷ ಲಿಂಕನ್‌ಗೆ ಗುಂಡು ಹಾರಿಸಿದ ಅದೇ ರಾತ್ರಿ, ಸೆವಾರ್ಡ್ ಮೇಲೂ ಚಾಕುವಿನ ದಾಳಿಯಾಯಿತು. ಅವನ ದವಡೆಗೆ ಕವಚ ಕಟ್ಟಿದವನು ಗನಿಂಗ್. ಆ ಬಗೆಯ ಕವಚಕ್ಕೆ ಇಂದಿಗೂ ಅವನ ಹೆಸರೇ ಇದೆ.

ಇದು ಇನ್ನೂ ಹಲ್ಲು ಕಡಿತದ ಕವಚವಲ್ಲ. ಆದರೆ ಒಬ್ಬೊಬ್ಬರ ಬಾಯಿಗೆ ಅಳತೆ ತೆಗೆದು, ಅವರಿಗೆಂದೇ ಮಾಡಿದ, ಹಾಕಿ ತೆಗೆಯಬಹುದಾದ ವಸ್ತು ಎಂಬ ಯೋಚನೆ ಅಲ್ಲಿ ಗಟ್ಟಿಯಾಯಿತು.

ಕಾಯಿಲೆಗೆ ಹೆಸರು ಸಿಕ್ಕಿತು

1890ರ ದಶಕದಲ್ಲಿ ಲಂಡನ್ನಿನ ದಂತವೈದ್ಯ ವುಲ್ಫ್ ಕ್ರಾಸ್ ಬಾಕ್ಸಿಂಗ್ ಆಡುವವರ ತುಟಿ ಹರಿಯದಂತೆ ಗಟಾಪರ್ಚಾ ಎಂಬ ಮರದ ಅಂಟಿನ ಪಟ್ಟಿಯನ್ನು ಹಲ್ಲಿನ ಮೇಲೆ ಕೂರಿಸಿದ. ಈಗ ಕಬಡ್ಡಿ, ಬಾಕ್ಸಿಂಗ್ ಆಟಗಾರರು ಹಾಕುವ ಮೌತ್ ಗಾರ್ಡ್ ಅದರ ಮೊಮ್ಮಗ.

1901ರಲ್ಲಿ ವಿಯೆನ್ನಾದ ಮೊರಿಟ್ಜ್ ಕರೋಲಿ ಎಂಬ ದಂತವೈದ್ಯ ರಾತ್ರಿ ಹಲ್ಲು ಕಡಿಯುವುದನ್ನು ಒಂದು ತೊಂದರೆ ಎಂದು ಗಂಭೀರವಾಗಿ ಬರೆದ. ಒಸಡಿನ ಕಾಯಿಲೆಗೂ ಅದೇ ಕಾರಣ ಎಂದು ಅವನು ಭಾವಿಸಿದ್ದ. ಆ ಭಾಗ ಮುಂದೆ ಪೂರ್ತಿ ನಿಲ್ಲಲಿಲ್ಲ. ಆದರೆ ಹಲ್ಲಿನ ನಡುವೆ ಏನಾದರೂ ಅಡ್ಡ ಇಡಬೇಕು ಎಂಬ ಅವನ ದಾರಿ ನಿಂತಿತು. 1907ರಲ್ಲಿ ಫ್ರಾನ್ಸಿನ ಮಾರಿ ಮತ್ತು ಪಿಯೆಟ್‌ಕೀವಿಚ್ ಎಂಬ ಇಬ್ಬರು ಹಲ್ಲು ಕಡಿಯುವುದು ಎಂಬ ಅರ್ಥದ ಗ್ರೀಕ್ ಪದ ಹಿಡಿದು ಇದಕ್ಕೆ ಹೆಸರಿಟ್ಟರು. 1931ರ ಹೊತ್ತಿಗೆ ಆ ಹೆಸರು ಬ್ರಕ್ಸಿಸಂ ಎಂದು ನೆಲೆಯಾಯಿತು.

1934ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ಊರಿನ ಜೇಮ್ಸ್ ಕಾಸ್ಟೆನ್ ಒಂದು ಲೇಖನ ಬರೆದ. ಅವನು ಹಲ್ಲಿನ ಡಾಕ್ಟರಲ್ಲ, ಕಿವಿ ಮೂಗು ಗಂಟಲಿನ ಡಾಕ್ಟರು. ಕಿವಿ ನೋವು, ಕಿವಿಯಲ್ಲಿ ಗುಂಯ್ ಎಂಬ ಸದ್ದು ಎಂದು ಬರುವ ಕೆಲವರಿಗೆ ತೊಂದರೆ ಕಿವಿಯಲ್ಲಿಲ್ಲ, ಕಿವಿಯ ಮುಂದಿನ ದವಡೆ ಕೀಲಿನಲ್ಲಿದೆ ಎಂದು ಅವನು ಹೇಳಿದ. ಕಾರಣದ ಬಗ್ಗೆ ಅವನ ವಿವರಣೆಯನ್ನು ಮುಂದಿನವರು ಒಪ್ಪಲಿಲ್ಲ. ಆದರೂ ಕಿವಿ ನೋವು ಎಂದವರ ದವಡೆಯನ್ನೂ ನೋಡಬೇಕು ಎಂಬ ಪಾಠ ಉಳಿಯಿತು. ಗೆಳೆಯನ ಅಮ್ಮ ಕಿವಿ ಡಾಕ್ಟರ ಹತ್ತಿರ ಅಲೆದದ್ದನ್ನು ನೆನೆದರೆ, ಆ ಪಾಠಕ್ಕೆ 90 ವರ್ಷ ಆಗಿದೆ ಅನ್ನಿಸಿ ನಮಗೆ ಬೇಸರವಾಯಿತು.

ಇನ್ನು ವಸ್ತುಗಳ ಕಥೆ. 1930ರ ದಶಕದ ಕೊನೆಗೆ ವಲ್ಕನೈಟಿನ ಜಾಗಕ್ಕೆ ಆಕ್ರಿಲಿಕ್ ಬಂತು. ಅದು ಗಾಜಿನಂತೆ ಪಾರದರ್ಶಕ, ಹಗುರ, ಉಜ್ಜಿ ತಿದ್ದಲು ಸುಲಭ. ಎರಡನೇ ಮಹಾಯುದ್ಧದಲ್ಲಿ ಜಪಾನಿನಿಂದ ಅಗರ್ ಬರುವುದು ನಿಂತಾಗ, ಅಚ್ಚು ತೆಗೆಯಲು ಸಮುದ್ರದ ಕಂದು ಪಾಚಿಯಿಂದ ಮಾಡಿದ ಆಲ್ಜಿನೇಟ್ ಪುಡಿ ಎಲ್ಲ ಕಡೆ ಬಳಕೆಗೆ ಬಂತು. ಇವತ್ತು ಹಾಸನದಲ್ಲೋ ತಿಪಟೂರಿನಲ್ಲೋ ಡಾಕ್ಟರು ನೀರಿನಲ್ಲಿ ಕಲಸಿ ತಟ್ಟೆಗೆ ಹಾಕಿ ನಿಮ್ಮ ಬಾಯಿಗೆ ಒತ್ತುವ ತಣ್ಣನೆಯ ಹಿಟ್ಟು ಅದೇ. ಅದಕ್ಕೆ ಪ್ಲಾಸ್ಟರ್ ಹೊಯ್ದು ನಿಮ್ಮ ಹಲ್ಲಿನ ಪಡಿಯಚ್ಚು ಮಾಡುತ್ತಾರೆ. ಅದರ ಮೇಲೆ ಕವಚ ತಯಾರಾಗುತ್ತದೆ. ಕೈಯಲ್ಲಿ ಈ ಕೆಲಸ ಮಾಡುವವರು ಡೆಂಟಲ್ ಮೆಕ್ಯಾನಿಕ್. ಅವರ ಮುಖ ರೋಗಿಗೆ ಕಾಣುವುದೇ ಇಲ್ಲ. ಹಳೇಬೀಡಿನ ಶಿಲ್ಪಿಯಂತೆ ಅವರದೂ ಕೂದಲೆಳೆಯ ಲೆಕ್ಕದ ಕೆಲಸ. ಕೆಲವು ಕಡೆ ಈಗ ಕ್ಯಾಮರಾದಿಂದ ಬಾಯಿ ಸ್ಕ್ಯಾನ್ ಮಾಡಿ ಯಂತ್ರದಲ್ಲೇ ಮಾಡುತ್ತಾರೆ.

ನಮ್ಮ ಕಡೆಗೆ ಬಂದದ್ದು

ಭಾರತದ ಮೊದಲ ದಂತ ವೈದ್ಯಕೀಯ ಕಾಲೇಜನ್ನು 1920ರಲ್ಲಿ ಕಲ್ಕತ್ತದಲ್ಲಿ ಡಾ. ರಫಿಯುದ್ದೀನ್ ಅಹ್ಮದ್ ಶುರು ಮಾಡಿದರು. ಅಲ್ಲಿಯವರೆಗೆ, ಅದಾದ ಮೇಲೂ ಬಹಳ ವರ್ಷ, ಸಾಮಾನ್ಯ ಜನರಿಗೆ ಹಲ್ಲಿನ ವೈದ್ಯ ಅಂದರೆ ಸಂತೆ, ಜಾತ್ರೆಯಲ್ಲಿ ಇಕ್ಕಳ ಹಿಡಿದು ಕೂತವನು. ಅವನಿಗೆ ಗೊತ್ತಿದ್ದ ಚಿಕಿತ್ಸೆ ಒಂದೇ, ಕೀಳುವುದು.

ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ ದಂತವೈದ್ಯರ ಕಾಯ್ದೆ ಬಂತು. ಅದು ನೋಂದಣಿಯನ್ನು ಎರಡು ಭಾಗ ಮಾಡಿತು. ಓದಿ ಪದವಿ ಪಡೆದವರು ಎ ಭಾಗದಲ್ಲಿ. ಪದವಿ ಇಲ್ಲದಿದ್ದರೂ ಅದೇ ವೃತ್ತಿಯಿಂದ ಜೀವನ ಮಾಡುತ್ತಾ ಬಂದವರು ಬಿ ಭಾಗದಲ್ಲಿ. ಹಲ್ಲು ಕಟ್ಟುವ ಮೆಕ್ಯಾನಿಕ್‌ಗಳಿಗೂ ಆ ಕಾಯ್ದೆಯಲ್ಲಿ ಜಾಗ ಸಿಕ್ಕಿತು. ಬೆಂಗಳೂರಿನಲ್ಲಿ ಸರ್ಕಾರಿ ದಂತ ಕಾಲೇಜು ಶುರುವಾಗಿದ್ದು 1958ರಲ್ಲಿ, ಮಣಿಪಾಲದ ಕಾಲೇಜು 1965ರಲ್ಲಿ. ಮುಂದೆ ಹಾಸನದಲ್ಲೇ ಹಾಸನಾಂಬ ಹೆಸರಿನ ದಂತ ಕಾಲೇಜು ಬಂತು. ಅರಸೀಕೆರೆ ಹಳೆಯ ರೈಲು ಜಂಕ್ಷನ್. 19ನೇ ಶತಮಾನ ಮುಗಿಯುವ ಮೊದಲೇ ಇಲ್ಲಿ ಹಳಿ ಬಿದ್ದಿತ್ತು. ಕೊಬ್ಬರಿ ದೂರದ ಊರುಗಳಿಗೆ ಹೋಗಲು ದಾರಿ ಇತ್ತು. ಆದರೆ ಹಲ್ಲಿಗಾಗಿ ಬೆಂಗಳೂರಿಗೆ ರೈಲು ಹತ್ತುವುದು ದಿನಗೂಲಿಯವರಿಗೆ ಆಗುವ ಮಾತಾಗಿರಲಿಲ್ಲ.

ಸರ್ಕಾರವೂ ಹಲ್ಲಿನ ಕಡೆ ನೋಡಿದ್ದು ತಡವಾಗಿ. ಸಿದ್ದರಾಮಯ್ಯನವರ ಮೊದಲ ಸರ್ಕಾರದ ಅವಧಿಯಲ್ಲಿ ದಂತ ಭಾಗ್ಯ ಯೋಜನೆ ಬಂತು. ಬಿಪಿಎಲ್ ಕಾರ್ಡಿನ ವಯಸ್ಸಾದವರಿಗೆ ಉಚಿತವಾಗಿ ಹಲ್ಲಿನ ಸೆಟ್ಟು ಕೊಡುವ ಯೋಜನೆ ಅದು. "ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ" ಎಂಬ ಗಾದೆಯ ಎರಡನೇ ಅರ್ಧಕ್ಕೆ ಅದು ಉತ್ತರ. ಇರುವ ಹಲ್ಲನ್ನು ಉಳಿಸಿಕೊಳ್ಳುವುದು ಅದಕ್ಕೂ ಮೊದಲಿನ ಕೆಲಸ.

ನಮ್ಮ ಭಾಗದ ಇನ್ನೊಂದು ಕಷ್ಟವನ್ನೂ ಹೇಳಬೇಕು. ಅರಸೀಕೆರೆ ಬಯಲು ಸೀಮೆ. ಕೆಲವು ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಚಿಕ್ಕಂದಿನಲ್ಲಿ ಆ ನೀರು ಕುಡಿದವರ ಎನಾಮಲ್ ಬಲವಾಗಿ ಬೆಳೆಯುವುದಿಲ್ಲ. ಹಲ್ಲಿನ ಮೇಲೆ ಕಂದು ಕಲೆ, ಗುಳಿ ಬೀಳುತ್ತದೆ. ಅಂಥ ಹಲ್ಲನ್ನು ರಾತ್ರಿಯಿಡೀ ಕಡಿದರೆ ಬೇಗ ಚಕ್ಕೆ ಏಳುತ್ತದೆ.

ತಪ್ಪಿನ ಚರಿತ್ರೆಯೂ ಇದೆ

ವೈದ್ಯರೂ ಇಲ್ಲಿ ದಾರಿ ತಪ್ಪಿದ್ದರು. 20ನೇ ಶತಮಾನದ ಬಹುಭಾಗ, ಹಲ್ಲುಗಳು ಒಂದಕ್ಕೊಂದು ಸರಿಯಾಗಿ ಕೂರದಿರುವುದೇ ಕಡಿತಕ್ಕೆ ಕಾರಣ ಎಂದು ನಂಬಿದ್ದರು. ಮಿಷಿಗನ್ ವಿಶ್ವವಿದ್ಯಾಲಯದ ರಾಮ್‌ಫ್ಯೋರ್ಡ್ 1961ರಲ್ಲಿ ಸ್ನಾಯುಗಳ ವಿದ್ಯುತ್ ಚಲನೆ ಅಳೆದು ಅದನ್ನೇ ಹೇಳಿದರು. ಅವರ ತಂಡದಿಂದ ಬಂದ ಗಟ್ಟಿ ಆಕ್ರಿಲಿಕ್ ಕವಚ ಮಿಷಿಗನ್ ಸ್ಪ್ಲಿಂಟ್ ಎಂದು ಹೆಸರಾಯಿತು, ಈಗಲೂ ಬಳಕೆಯಲ್ಲಿದೆ. ಆದರೆ ಆ ನಂಬಿಕೆಯಿಂದ ಎಷ್ಟೋ ಜನರ ಒಳ್ಳೆಯ ಹಲ್ಲುಗಳನ್ನು ಉಜ್ಜಿ ಉಜ್ಜಿ "ಸರಿ" ಮಾಡಲಾಯಿತು.

ಆಮೇಲೆ ನಿದ್ದೆಯ ಪ್ರಯೋಗಾಲಯಗಳು ಬಂದವು. ಮಲಗಿದವರ ತಲೆಗೆ, ಕೆನ್ನೆಗೆ ತಂತಿ ಅಂಟಿಸಿ ಇಡೀ ರಾತ್ರಿ ದಾಖಲಿಸಿದರು. ಕಡಿತ ಶುರುವಾಗುವ ಸ್ವಲ್ಪ ಮೊದಲು ಮೆದುಳು ಅರೆಕ್ಷಣ ಎಚ್ಚರದ ಕಡೆ ಹೊರಳುತ್ತದೆ, ಎದೆಬಡಿತ ಏರುತ್ತದೆ, ಆಮೇಲೆ ದವಡೆ ಚಲಿಸುತ್ತದೆ ಎಂದು ತಿಳಿಯಿತು. ಅಂದರೆ ಆರಂಭ ಮೆದುಳಿನಲ್ಲಿ, ಹಲ್ಲು ಕೂರುವ ರೀತಿಯಲ್ಲಲ್ಲ. ಮನಸ್ಸಿನ ಒತ್ತಡ, ಬೀಡಿ ಸಿಗರೇಟು, ಹೆಂಡ, ಅತಿಯಾದ ಕಾಫಿ, ಮನೋರೋಗದ ಕೆಲವು ಮಾತ್ರೆಗಳು ಇದನ್ನು ಹೆಚ್ಚಿಸಬಹುದು. ಜೋರು ಗೊರಕೆ ಹೊಡೆದು ಮಧ್ಯೆ ಉಸಿರು ನಿಲ್ಲುವವರಲ್ಲೂ ಇದು ಕಾಣುತ್ತದೆ. ವಯಸ್ಕರಲ್ಲಿ ನಿದ್ದೆಯಲ್ಲಿ ಹಲ್ಲು ಕಡಿಯುವವರು 100ಕ್ಕೆ 8ರಿಂದ 13 ಮಂದಿ ಎಂದು ಸಮೀಕ್ಷೆಗಳು ಹೇಳುತ್ತವೆ. 2018ರಲ್ಲಿ ಹಲವು ದೇಶಗಳ ತಜ್ಞರು ಸೇರಿ, ಆರೋಗ್ಯವಂತರಲ್ಲಿ ಇದನ್ನು ರೋಗವೆಂದೇ ಕರೆಯಬೇಕಿಲ್ಲ, ಒಂದು ಸ್ನಾಯು ಚಟುವಟಿಕೆ ಎಂದರು. ಹಲ್ಲು ಸವೆದಾಗ, ನೋವು ಬಂದಾಗ ಅದಕ್ಕೆ ಉಪಚಾರ ಬೇಕು.

ಹಾಗಾದರೆ ಕವಚ ಏನು ಮಾಡುತ್ತದೆ? ಎತ್ತಿಗೆ ಲಾಳ ಹೊಡೆಸುತ್ತೇವಲ್ಲ, ಅದೇ ಲೆಕ್ಕ. ಲಾಳ ಹಾಕಿದರೆ ಎತ್ತು ನಡೆಯುವುದು ನಿಲ್ಲುವುದಿಲ್ಲ. ಗೊರಸಿನ ಬದಲು ಲಾಳ ಸವೆಯುತ್ತದೆ, ಸವೆದರೆ ಬದಲಾಯಿಸುತ್ತೇವೆ. ಕವಚ ಹಾಕಿದರೆ ಕಡಿತ ನಿಲ್ಲುವುದಿಲ್ಲ. ಹಲ್ಲಿನ ಬದಲು ಎರಡು ಮೂರು ಮಿಲಿಮೀಟರ್ ದಪ್ಪದ ಆಕ್ರಿಲಿಕ್ ಸವೆಯುತ್ತದೆ. ಹಲ್ಲು ಉಳಿಸುವ ವಿಷಯದಲ್ಲಿ ಇದು ಒಳ್ಳೆಯ ಉಪಾಯ. ದವಡೆ ನೋವು ಕಡಿಮೆ ಮಾಡುತ್ತದೆಯೇ ಎಂಬುದರಲ್ಲಿ ಸಂಶೋಧಕರಿಗೆ ಅಷ್ಟು ಭರವಸೆಯಿಲ್ಲ. 2023ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಮಾರ್ಗಸೂಚಿ, ಬಹುಕಾಲದ ದವಡೆ ನೋವಿಗೆ ದವಡೆಯ ವ್ಯಾಯಾಮ, ಮನಸ್ಸಿನ ಒತ್ತಡ ಇಳಿಸುವ ಸಮಾಲೋಚನೆ ಇಂಥವನ್ನು ಮುಂದಿಟ್ಟಿತು, ಕವಚವನ್ನಲ್ಲ. ಕವಚ ಕೊಡುವವರು ಇದನ್ನು ರೋಗಿಗೆ ಹೇಳಬೇಕು. ಹಣ ಕೊಡುವವರಿಗೆ ತಾವು ಏನನ್ನು ಕೊಳ್ಳುತ್ತಿದ್ದೇವೆ ಎಂದು ಗೊತ್ತಿರಬೇಕು.

ಇಷ್ಟು ಓದಿದ ಮೇಲೆ

ಈ ಚರಿತ್ರೆಯಿಂದ ನಮಗೆ ತಿಳಿದ ಕೆಲವು ಕೆಲಸದ ಮಾತುಗಳನ್ನು ಹೇಳುತ್ತೇವೆ. ಚಿಕಿತ್ಸೆ ಹೇಳಲು ನಾವು ಡಾಕ್ಟರಲ್ಲ.

ದವಡೆ ನೋವೆಂದು ಹಲ್ಲು ಕೀಳಿಸುವ ಮೊದಲು "ಈ ಹಲ್ಲಿನಲ್ಲಿ ಏನು ಕೆಟ್ಟಿದೆ, ಎಕ್ಸ್‌ರೇಯಲ್ಲಿ ತೋರಿಸಿ" ಎಂದು ಕೇಳಿ. ಕೇಳುವುದು ತಪ್ಪಲ್ಲ. ಮನೆಯವರಲ್ಲಿ ಯಾರಾದರೂ ರಾತ್ರಿ ಹಲ್ಲು ಕಡಿಯುತ್ತಿದ್ದರೆ ಡಾಕ್ಟರಿಗೆ ಹೇಳಿ, ಏಕೆಂದರೆ ಕಡಿಯುವವರಿಗೆ ಅದು ಗೊತ್ತಿರುವುದಿಲ್ಲ. ಕವಚದ ಬೆಲೆ, ಸರಿಯಾಗಿ ಕೂರದಿದ್ದರೆ ಎಷ್ಟು ಸಲ ತಿದ್ದಿಕೊಡುತ್ತಾರೆ, ಇವನ್ನು ಅಚ್ಚು ಕೊಡುವ ಮೊದಲೇ ವಿಚಾರಿಸಿ. ಮೊಬೈಲಿನಲ್ಲಿ ತರಿಸಿ ಬಿಸಿನೀರಿಗೆ ಹಾಕಿ ಕಚ್ಚುವ ಕವಚ ಅಗ್ಗ, ಆದರೆ ಅದು ನಿಮ್ಮ ಬಾಯಿಗೆಂದು ಮಾಡಿದ್ದಲ್ಲ. ಕವಚವನ್ನು ತಣ್ಣೀರಲ್ಲಿ ತೊಳೆಯಿರಿ, ಬಿಸಿನೀರಿಗೆ ಆಕಾರ ಕೆಡುತ್ತದೆ. ಮತ್ತೆ ಮತ್ತೆ ಡಾಕ್ಟರಿಗೆ ತೋರಿಸಬೇಕು.

ಎಲ್ಲ ದವಡೆ ತೊಂದರೆಯೂ ಹಲ್ಲು ಕಡಿತವಲ್ಲ, ಇದು ಬಹಳ ಮುಖ್ಯ. ಅಡಿಕೆ, ಗುಟ್ಕಾ ಹಾಕುವವರಿಗೆ ಬಾಯಿ ತೆರೆಯುವುದು ದಿನದಿನಕ್ಕೆ ಕಡಿಮೆಯಾಗುತ್ತಿದ್ದರೆ, ಮೂರು ಬೆರಳು ಒಟ್ಟಿಗೆ ಹೋಗದಿದ್ದರೆ, ಖಾರ ತಿಂದರೆ ಉರಿದರೆ, ಅದು ಕೆನ್ನೆಯ ಒಳಪದರ ಗಟ್ಟಿಯಾಗುವ ಕಾಯಿಲೆ ಇರಬಹುದು. ಅದು ಕ್ಯಾನ್ಸರಿಗೆ ತಿರುಗಬಲ್ಲದು. ಅದಕ್ಕೆ ಕವಚ ಪರಿಹಾರವಲ್ಲ, ಅಡಿಕೆ ಬಿಡುವುದೇ ಮೊದಲ ಹೆಜ್ಜೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನು ಕ್ಯಾನ್ಸರ್‌ಕಾರಕ ಎಂದು ಪಟ್ಟಿ ಮಾಡಿ 20 ವರ್ಷ ದಾಟಿದೆ. ಅಡಿಕೆ ಬೆಳೆಯುವ ನಾಡಿನಲ್ಲಿ ಇದನ್ನು ಬರೆಯುವುದು ಸುಲಭವಲ್ಲ, ಆದರೂ ಬರೆಯಬೇಕು. ಗಾಯವಾದ ಮೇಲೆ ದವಡೆ ಬಿಗಿದು ಬಾಯಿ ಬಿಡಲಾಗದಿದ್ದರೆ ಧನುರ್ವಾಯು ಇರಬಹುದು. ಎದೆನೋವು, ಬೆವರಿನ ಜೊತೆ ದವಡೆ ನೋವು ಬಂದರೆ ಹೃದಯದ್ದಿರಬಹುದು. ಇವೆರಡಕ್ಕೂ ಆ ಕ್ಷಣವೇ ಆಸ್ಪತ್ರೆಗೆ ಓಡಬೇಕು.

ಒತ್ತಡದ ಮಾತೂ ಇದೆ. ಕೊಬ್ಬರಿ ಬೆಲೆ ಬಿದ್ದ ವರ್ಷ, ಸಾಲದ ಕಂತಿನ ತಿಂಗಳು, ಮಗಳ ಮದುವೆಯ ಮುಂಚಿನ ದಿನಗಳಲ್ಲಿ ಅವುಡು ತಾನಾಗಿ ಬಿಗಿಯುತ್ತದೆ. ಹಗಲಲ್ಲಿ ಆಗಾಗ ಗಮನಿಸಿ: ತುಟಿ ಮುಚ್ಚಿರಲಿ, ಹಲ್ಲು ಬಿಟ್ಟಿರಲಿ. ಮನಸ್ಸಿನ ಭಾರ ಹೇಳಿಕೊಳ್ಳಲು ಸರ್ಕಾರದ ಟೆಲಿ ಮಾನಸ್ ಇದೆ, 14416ಕ್ಕೆ ಕರೆ ಮಾಡಿದರೆ ಹಣ ಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮೊನ್ನೆ ಗೆಳೆಯನ ಮನೆಗೆ ಹೋಗಿದ್ದೆವು. ಅಮ್ಮ ಕಾಫಿ ಕೊಟ್ಟರು, ತಾವು ಸಂಜೆ ಮೇಲೆ ಕಾಫಿ ಬಿಟ್ಟಿದ್ದಾರಂತೆ. ಬೆಳಿಗ್ಗೆಯ ಬಿಗಿತ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಡಾಕ್ಟರು ಹೇಳಿಕೊಟ್ಟಂತೆ ದಿನಾ ಬಾಯಿ ತೆರೆದು ಮುಚ್ಚುವ ವ್ಯಾಯಾಮ ಮಾಡುತ್ತಾರೆ. ಹೋದ ಮೂರು ಹಲ್ಲಿನ ಜಾಗ ಹಾಗೇ ಖಾಲಿ ಇದೆ. ಕವಚವನ್ನು ಡಬ್ಬಿಯಿಂದ ತೆಗೆದು ತೋರಿಸಿದರು. ಬೆಳಕಿಗೆ ಹಿಡಿದರೆ ಅದರ ಮೇಲೆ ಸಣ್ಣ ಸಣ್ಣ ಗೀರುಗಳು. ಕೆಲವೇ ತಿಂಗಳ ರಾತ್ರಿಗಳಲ್ಲಿ ಬಿದ್ದವು.

"ಇವೆಲ್ಲ ನನ್ ಹಲ್ಲಿನ್ ಮೇಲ್ ಬೀಳ್ಬೇಕಿತ್ತು," ಎಂದರು ಅಮ್ಮ.

ಈಗ ರಾತ್ರಿ ಸದ್ದು ನಿಂತಿದೆಯೇ ಎಂದು ಅಪ್ಪನನ್ನು ಕೇಳಿದೆವು.

"ಬರುತ್ತೆ ಕಣಪ್ಪ. ಆದ್ರೆ ಕಲ್ಲಿಗೆ ಕಲ್ಲು ಉಜ್ಜಿದಂಗೆ ಬರಲ್ಲ," ಎಂದರು. "ಮೊದ್ಲೇ ಹೇಳಿದ್ರೆ ಆ ಮೂರೂ ಇರ್ತಿದ್ವು."